ಬಾಯಿ ನೋಡುವ ಮೇಡಂ

ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಹಿಡಿದವರೆಲ್ಲ ನಮ್ಮ ಮೇಡಂ ಶಾಂತ ಸ್ವಭಾವದವರು, ಮೃದುಭಾಷಿ, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳಿಗೂ ಒಂದು ಮಿತಿ ಬೇಡವೇ? ರಾಯದುರ್ಗದ ಅರ್ಧ ಊರು ಅವರ ಕೈಲಿ ಬೈಸಿಕೊಂಡಿದೆ. ಅತ್ತೆಯರು, ಗಂಡಂದಿರು, ಜೀನ್ಸ್ ಯೂನಿಟ್ಟಿನ ಮಾಲೀಕರು, ಬೇರೆ ಡಾಕ್ಟರುಗಳು, ಸ್ಕ್ಯಾನಿಂಗ್ ಯಂತ್ರ ಮಾರುವ ಕಂಪನಿಯವರು, ಕೊನೆಗೆ ಆ ಯಂತ್ರ ಕೂಡ. ಸತ್ತವರನ್ನು ಹೀಗೆ ಸಾಧು ಮಾಡಿಬಿಟ್ಟರೆ, ಬದುಕಿದ್ದಾಗ ಅವರು ಯಾಕೆ ಅಷ್ಟು ಸಿಟ್ಟಾಗಿದ್ದರು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಅದೇ ಅನುಕೂಲ. ನಾನು ಅವರ ಸ್ಕ್ಯಾನಿಂಗ್ ಕೋಣೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು. ಆ ಸಿಟ್ಟನ್ನು ಹತ್ತಿರದಿಂದ ಕಂಡವಳು. ಅದನ್ನು ಯಾರೋ ಬಂದು ಒರೆಸಿಹಾಕುವುದು ನನಗೆ ಸಹಿಸಲಾಗದು.

ಮೇಡಂ ಮಡಕಶಿರದ ಕಡೆಯ ಹಳ್ಳಿಯವರು. ಕಡಲೆಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿ ಡಾಕ್ಟರಾದವರು. ರಾಯದುರ್ಗದಲ್ಲಿ ಅಷ್ಟು ವರ್ಷ ಇದ್ದರೂ ಇಲ್ಲಿನ "ಬರ್ರಿ, ಕುಂದರ್ರಿ" ಅವರ ನಾಲಿಗೆಗೆ ಹತ್ತಲೇ ಇಲ್ಲ. "ಬಾರಮ್ಮ, ಮಲಿಕ್ಕೊ" ಎಂದೇ ಎಲ್ಲರನ್ನೂ ಕರೆಯುವರು. ಗುಮ್ಮಗಟ್ಟದ ಕಡೆಯ ಹಿರಿಯ ಹೆಂಗಸರು, "ಈಕಿ ಏನವ್ವ, ದೊಡ್ಡೋರು ಸಣ್ಣೋರು ನೋಡಂಗಿಲ್ಲ" ಎಂದು ಮುಖ ಸಿಂಡರಿಸುವರು. ಮಡಕಶಿರದಿಂದ ಇಲ್ಲಿಗೆ ಮದುವೆಯಾಗಿ ಬಂದ ನನಗೆ ಮಾತ್ರ ಅದು ತವರಿನ ಮಾತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದೂ ಅದಕ್ಕೇ ಇರಬೇಕು. ಬೈಯುವಾಗ ಅರ್ಥವಾಗುವ ಒಬ್ಬಳಾದರೂ ಬೇಕಲ್ಲ.

ಅವರ ಕೈಗಳ ಬಗ್ಗೆ ಹೇಳಬೇಕು. ಬಾಯಿ ಎಷ್ಟು ಒರಟೋ ಕೈ ಅಷ್ಟು ಮೆದು. ಹೊಟ್ಟೆಗೆ ಹಚ್ಚುವ ಜೆಲ್ ತಣ್ಣಗಿರುತ್ತದೆಂದು ಟ್ಯೂಬನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿಸುವರು. ಸ್ಕ್ಯಾನ್ ಮುಗಿದ ಮೇಲೆ ಒರೆಸುವ ಕೆಲಸ ನನ್ನದಾಗಿದ್ದರೂ ನನಗೆ ಬಿಡುತ್ತಿರಲಿಲ್ಲ. ತಾವೇ ಬಟ್ಟೆ ತೆಗೆದುಕೊಂಡು ಮೆಲ್ಲಗೆ ಒರೆಸುವರು, ಒರೆಸುತ್ತಲೇ ಬೈಯುವರು. "ರಕ್ತ ಇಲ್ಲ ಮೈಯಾಗೆ. ಏನು ತಿಂತೀಯ? ಟೀ ಕುಡಿದು ಬಸಿರು ಸಾಕ್ತೀಯಾ?"

ಹೆಣ್ಣೋ ಗಂಡೋ ಹೇಳುವುದಿಲ್ಲ ಎಂಬ ಬೋರ್ಡು ಬಾಗಿಲಲ್ಲೇ ಇತ್ತು, ಕಾನೂನಿನ ಪ್ರಕಾರ. ಅದರ ಕೆಳಗೇ ನಿಂತು ಕೇಳುವ ಜನ. ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲದವರು, ಗಂಡಾದರೆ ಪೇಡ, ಹೆಣ್ಣಾದರೆ ಜಿಲೇಬಿ ಎಂಬ ಲೆಕ್ಕದಲ್ಲಿ, "ಪೇಡ ತರಬೇಕೇನ್ರಿ, ಜಿಲೇಬಿ ತರಬೇಕೇನ್ರಿ?" ಎನ್ನುವರು. ಮೇಡಂ ಆಗ ಕುರ್ಚಿಯಿಂದ ಎದ್ದೇ ಬಿಡುವರು. "ಹೇಳಬಾರದ್ದನ್ನ ಸಾವಿರ ಸಲ ಕೇಳ್ತೀರಿ. ಹೇಳಬೇಕಾದ್ದನ್ನ ಒಂದು ಸಲ ಹೇಳಿದ್ರೂ ಕಿವಿಗೆ ಹಾಕ್ಕೊಳಲ್ಲ. ನಡೀರಿ ಆಚೆ."

ಅವರು ಹೇಳಬೇಕೆಂದಿದ್ದದ್ದು ಬೇರೆಯೇ ಇತ್ತು. ಆಗೆಲ್ಲ ಸ್ಕ್ಯಾನಿಂಗ್ ಎಂದರೆ ಮಗುವನ್ನು ನೋಡುವುದು. ತಲೆ ಇದೆ, ಕೈಕಾಲು ಇದೆ, ಎದೆ ಬಡಿಯುತ್ತಿದೆ, ಎಲ್ಲ ನಾರ್ಮಲ್, ಮುಂದಿನವರು ಬನ್ನಿ. ಮೇಡಂ ಮಗುವನ್ನು ನೋಡಿ ಮುಗಿಸಿದ ಮೇಲೆ ಅವರ ನಿಜವಾದ ಕೆಲಸ ಶುರು. ಗರ್ಭಚೀಲದ ಕೆಳತುದಿಯಲ್ಲಿ ಒಂದು ಕೊರಳಿರುತ್ತದೆ. ತಿಂಗಳು ತುಂಬುವ ತನಕ ಅದು ಉದ್ದಕ್ಕೆ, ಗಟ್ಟಿಯಾಗಿ, ಮುಚ್ಚಿಕೊಂಡು ಇರಬೇಕು. ಕೆಲವರಿಗೆ ಐದನೇ ತಿಂಗಳಿಗೇ ಅದು ಗಿಡ್ಡವಾಗಿ, ಮೆತ್ತಗಾಗಿ, ಒಳಗಿನಿಂದ ತೆರೆಯತೊಡಗುತ್ತದೆ. ನೋವಿಲ್ಲ, ಸೂಚನೆಯಿಲ್ಲ. ಒಂದು ದಿನ ಮಗು ಜಾರಿಹೋಗುತ್ತದೆ. ಮುಂಚೆಯೇ ಕಂಡುಕೊಂಡರೆ ಒಂದು ಹೊಲಿಗೆ ಹಾಕಿ ಹಿಡಿದಿಡಬಹುದು. "ಎಲ್ಲಾರೂ ಮನೆಯೊಳಗಿನ ಮಗು ನೋಡ್ತಾರೆ ಕಣೆ, ಬಾಗಿಲು ಹಾಕೈತೋ ಇಲ್ವೋ ನೋಡೋರು ಯಾರು?" ಎನ್ನುವರು.

ಬಾಗಿಲು ನೋಡುವುದು ಸುಲಭದ ಕೆಲಸವಲ್ಲ. ಬೇರೆ ಕಡೆ ಹೊಟ್ಟೆ ತುಂಬ ನೀರು ಕುಡಿಸಿ ಮೇಲಿನಿಂದ ನೋಡುವರು. ಮೂತ್ರಕೋಶ ತುಂಬಿದ್ದರೆ ಅದು ಒತ್ತಿ, ಗಿಡ್ಡ ಕೊರಳೂ ಉದ್ದ ಕಾಣುತ್ತದೆ. ಮೇಡಂ ಮೂತ್ರ ಮಾಡಿ ಬರಲು ಹೇಳಿ ಒಳಗಿನಿಂದ ಸ್ಕ್ಯಾನ್ ಮಾಡುವರು. ಅದಕ್ಕೆ ಅತ್ತೆಯರು ಒಪ್ಪುವುದಿಲ್ಲ, ಗಂಡಂದಿರು ಒಪ್ಪುವುದಿಲ್ಲ, ಕಳಿಸಿದ ಡಾಕ್ಟರುಗಳಿಗೆ ತಡವಾಯಿತೆಂದು ಸಿಡಿಮಿಡಿ.

ಅದೇ ಸುಮಾರಿಗೆ ಹೊಸ ಯಂತ್ರ ಬಂತು. ಚಿತ್ರವನ್ನು ತಾನೇ ಓದುವ ಸಾಫ್ಟ್‌ವೇರ್ ಅದರಲ್ಲಿತ್ತು. ಕೊರಳಿನ ಚಿತ್ರ ನಿಲ್ಲಿಸಿದರೆ ತಾನೇ ಗೆರೆ ಎಳೆದು ಉದ್ದ ಹೇಳುವುದು. ಗಟ್ಟಿ ಇದ್ದ ಕಡೆ ಒಂದು ಬಣ್ಣ, ಮೆತ್ತಗಾದ ಕಡೆ ಇನ್ನೊಂದು ಬಣ್ಣ ಬಳಿಯುವುದು. ಯಂತ್ರ ಕೂಡಿಸಲು ಬಂದ ಕಂಪನಿಯವನನ್ನು ಮೇಡಂ ಎದುರು ಕೂರಿಸಿಕೊಂಡು ಕೇಳಿದರು. "ಇದು ಎಲ್ಲಿಯ ಹೆಂಗಸರ ಚಿತ್ರ ನೋಡಿ ಓದೋದು ಕಲಿತೈತೆ?" ಅವನು ಯಾವುದೋ ದೇಶಗಳ ಹೆಸರು ಹೇಳಿದ. "ಬೆಳಿಗ್ಗೆಯಿಂದ ಸಾಯಂಕಾಲದ ತನಕ ಕೂತು ಮಿಷಿನ್ ತುಳಿಯೋ ನಮ್ಮ ಹುಡುಗೀರನ್ನ ಒಬ್ಬಳನ್ನಾದ್ರೂ ನೋಡೈತಾ?" ಅವನು ನಕ್ಕ. ಮೇಡಂ ನಗಲಿಲ್ಲ. ಆಮೇಲೆ ದಿನವೂ ಆ ಯಂತ್ರದೊಂದಿಗೆ ಜಗಳ. "ಬಗ್ಗಿರೋ ದಾರೀನ ನೆಟ್ಟಗೆ ಅಳೀತೀಯಲ್ಲೋ, ಕಣ್ಣು ಕಾಣಲ್ವಾ?" ಎಂದು ಅದಕ್ಕೇ ಗದರಿ, ಮತ್ತೆ ತಮ್ಮ ಕೈಯಿಂದ ಅಳೆಯುವರು. ಕೆಲವು ದಿನ ಯಂತ್ರ ಹೇಳಿದ್ದೇ ಸರಿ ಇರುತ್ತಿತ್ತು. ಆಗ, "ಇವತ್ತು ಗೆದ್ದೆ, ಸುಮ್ನಿರು" ಎನ್ನುವರು.

ಜೀನ್ಸ್ ಹೊಲಿಯುವ ಯೂನಿಟ್ಟುಗಳು ಗಲ್ಲಿಗೊಂದರಂತೆ ಎದ್ದ ವರ್ಷಗಳು ಅವು. ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ್ದ ಈ ಸುತ್ತಿನ ಹಳ್ಳಿಗಳ ಹುಡುಗಿಯರು ಅಲ್ಲಿನ ಬಾಡಿಗೆ ತಾಳಲಾರದೆ ರಾಯದುರ್ಗಕ್ಕೆ ವಾಪಸು ಬಂದು ಇಲ್ಲಿ ಮಿಷಿನ್ ಹಿಡಿಯುತ್ತಿದ್ದರು. ಮಡಕಶಿರದವರು ಇನ್ನೂ ಬೆಂಗಳೂರಿನ ಬಸ್ಸು ಹತ್ತುತ್ತಲೇ ಇದ್ದರು. ಮೇಡಂ ಭಾನುವಾರ ಊರಿಗೆ ಹೋದರೆ ಅಲ್ಲಿನ ಆಸ್ಪತ್ರೆಯಲ್ಲೂ ಸ್ಕ್ಯಾನಿಂಗ್ ಮಾಡುವರು; ಬಸಿರಾಗಿ ಬೆಂಗಳೂರಿನಿಂದ ತವರಿಗೆ ಬಂದವರೇ ಸಾಲಾಗಿ ಕೂತಿರುವರು. "ಏಳು ತುಂಬಿದ ಮೇಲೆ ಬರ್ತಾರೆ. ನಾನೇನು ನೋಡ್ಲಿ, ಬಾಗಿಲು ತೆಗೆದು ಹೋದ ಮೇಲೆ ಬೀಗ ಹುಡುಕ್ಲಾ?" ಎಂದು ಸೋಮವಾರ ಬಂದು ನನ್ನ ಮೇಲೆ ಹಾರಾಡುವರು.

ಹಾಗೆ ಬೆಂಗಳೂರಿನಿಂದ ವಾಪಸು ಬಂದು ಇಲ್ಲಿನ ಯೂನಿಟ್ಟು ಸೇರಿದವಳು ರತ್ನ. ಭೈರವಾನಿತಿಪ್ಪದ ಹತ್ತಿರದ ಹಳ್ಳಿಯ ಸೊಸೆ. ಐದನೇ ತಿಂಗಳು. ಜೊತೆಗೆ ಅತ್ತೆ ಬಂದಿದ್ದಳು. ರತ್ನ ನೆಲ ನೋಡುತ್ತ ಕೂತಿದ್ದಳು, ಉತ್ತರವೆಲ್ಲ ಅತ್ತೆಯದು.

"ಮೊದಲನೇದು ಏನಾಯ್ತು?"

"ಬೆಂಗಳೂರಾಗ ಹೋತ್ರಿ. ನಿಲ್ಲಲಿಲ್ಲ."

"ಎಷ್ಟನೇ ತಿಂಗಳಲ್ಲಿ?"

"ಆರರಾಗ ರೀ. ನೋವು ಸುದ್ದಾ ಇದ್ದಿಲ್ಲಂತ. ಮಿಷಿನ್ ಮುಂದ ಕುಂತಾಕಿಗೆ ಹಂಗೇ ನೀರು ಹೋತಂತ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಅಲ್ಲಿ ಸ್ಕ್ಯಾನ್ ಮಾಡಿರಲಿಲ್ವಾ?"

"ಮಾಡಿದ್ರು ರೀ. ಎಲ್ಲಾ ನಾರ್ಮಲ್ ಅಂದಿದ್ರು."

"ಯಾವುದು ನಾರ್ಮಲ್?" ಮೇಡಂ ದನಿ ಏರಿತು. "ಮಗು ನಾರ್ಮಲ್. ಬಾಗಿಲು ಯಾವನಾದ್ರೂ ನೋಡಿದ್ನಾ?"

ಒಳಗಿನಿಂದ ಸ್ಕ್ಯಾನ್ ಎಂದಾಗ ಅತ್ತೆ ಕೂಸಿಗೆ ತಗುಲುತ್ತದೆಂದು ತಕರಾರು ತೆಗೆದಳು. ಮೇಡಂ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಪರದೆಯ ಮೇಲೆ ನನಗೂ ಕಾಣಿಸಿತು. ಮುಚ್ಚಿಕೊಂಡು ಒಂದು ಗೆರೆಯಂತೆ ಇರಬೇಕಾದದ್ದು ಮೇಲಿನಿಂದ ಲಾಳಿಕೆಯ ಹಾಗೆ ತೆರೆದಿತ್ತು. ಉಳಿದದ್ದು ತುಂಡು ಬೀಡಿಯಷ್ಟು. ಮೇಡಂ ಮತ್ತೆ ಮತ್ತೆ ಅಳೆದರು. ಯಂತ್ರವೂ ಗೆರೆ ಎಳೆದು ಅದನ್ನೇ ಹೇಳಿತು, ಮೆತ್ತಗಾಗಿದೆ ಎಂದು ಬಣ್ಣವನ್ನೂ ತೋರಿಸಿತು. ಅವತ್ತು ಅವರಿಬ್ಬರಿಗೆ ಜಗಳವಾಗಲಿಲ್ಲ.

"ನೋಡಮ್ಮ, ಸರ್ವಿಕ್ಸ್ ಶಾರ್ಟ್ ಐತೆ. ಬಳ್ಳಾರಿಗೆ ಹೋಗಿ ಹೊಲಿಗೆ ಹಾಕಿಸ್ಕೋಬೇಕು. ತಡ ಮಾಡಂಗಿಲ್ಲ. ಕೆಲಸಕ್ಕೆ ರಜಾ ಹಾಕು. ತಿಳೀತಾ?"

"ಹೌದ್ರಿ ಮೇಡಂ."

ಆಗ ಅವರು ಗರ್ಭಚೀಲದ ಕೊರಳಿಗೆ ಸರ್ವಿಕ್ಸ್ ಎಂಬ ಇಂಗ್ಲಿಷ್ ಮಾತನ್ನೇ ಬಳಸುತ್ತಿದ್ದರು. ಕನ್ನಡದಲ್ಲಿ ಹೇಳಿದರೆ ಹೆಂಗಸರು ಮುದುಡಿಕೊಳ್ಳುತ್ತಾರೆ, ಇಂಗ್ಲಿಷಾದರೆ ನಾಚಿಕೆ ಅಡ್ಡ ಬರುವುದಿಲ್ಲ ಎಂಬುದು ಅವರ ಎಣಿಕೆ. ಮಡಕಶಿರದ ಮೇಡಂಗೆ ಇನ್ನೊಂದು ವಿಷಯವೂ ಗೊತ್ತಿರಲಿಲ್ಲ. ರಾಯದುರ್ಗದ ಕಡೆ "ಹೌದ್ರಿ" ಎಂದರೆ ತಿಳಿಯಿತು ಎಂದರ್ಥವಲ್ಲ. ನೀವು ದೊಡ್ಡವರು ಹೇಳಿದಿರಿ, ನಾನು ಕೇಳಿಸಿಕೊಂಡೆ, ಅಷ್ಟೇ.

ಮೇಡಂ ಬಳ್ಳಾರಿಯ ಡಾಕ್ಟರಿಗೆ ಫೋನ್ ಮಾಡಿ ಹೇಳಿಟ್ಟರು. ರತ್ನ ಅಲ್ಲಿಗೆ ಹೋಗಲಿಲ್ಲ. ಅವಳ ಗಂಡನ ಫೋನಿಗೆ ನಾನು ಎಷ್ಟು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಯೂನಿಟ್ಟಿನ ಹೆಂಗಸರಿಬ್ಬರು ಅವಳನ್ನು ಆಟೋದಲ್ಲಿ ತಂದರು. ಸೀರೆಯೆಲ್ಲ ಒದ್ದೆ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮಗು ಅಂಗೈಯಗಲ ಇತ್ತು. ಸ್ವಲ್ಪ ಹೊತ್ತು ಉಸಿರಾಡಿತು.

ಎಲ್ಲ ಮುಗಿದ ಮೇಲೆ ಮೇಡಂ ಅವಳ ಮಂಚದ ಪಕ್ಕ ಕೂತು, ಆಶ್ಚರ್ಯ ಎನ್ನುವಷ್ಟು ಮೆಲ್ಲಗೆ ಕೇಳಿದರು. "ಯಾಕಮ್ಮ ಬಳ್ಳಾರಿಗೆ ಹೋಗಲಿಲ್ಲ?"

"ಸರ್ವೀಸ್ ಶಾರ್ಟ್ ಐತಲ್ರಿ ಮೇಡಂ. ನೀವಾ ಹೇಳಿದ್ರಿ. ಸೂಪರ್‌ವೈಸರೂ ಅದಾ ಅಂದ್ರು. ವರ್ಷ ತುಂಬಾಕ ಇನ್ನೂ ಎರಡು ತಿಂಗಳು ಬೇಕಿತ್ತು. ಸರ್ವೀಸ್ ತುಂಬಿದ ಮ್ಯಾಲೆ ಹೋದ್ರಾತು ಅಂತ ಇದ್ದೆ ರೀ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಾರ್ಮೆಂಟ್ಸ್‌ನಲ್ಲಿ ದುಡಿದ ಅವಧಿಗೆ ಸರ್ವೀಸ್ ಎನ್ನುತ್ತಾರೆ. ಅದು ಸಾಲದಿದ್ದರೆ ಸರ್ವೀಸ್ ಶಾರ್ಟ್. ರಜೆಯಿಲ್ಲ, ಬಾಣಂತಿತನದ ಸಂಬಳವಿಲ್ಲ. ಬೆಂಗಳೂರಿನಲ್ಲಿ ಮೊದಲ ಬಸಿರಿನಲ್ಲಿ ಕೂಡ ರಜೆ ಕೇಳಿದ ಇವಳಿಗೆ ಅದೇ ಮಾತು ಹೇಳಿ ಮಿಷಿನ್ ಮುಂದೆ ಕೂರಿಸಿದ್ದರಂತೆ. ಈಗ ಡಾಕ್ಟರೂ ಅದನ್ನೇ ಹೇಳಿದರೆ ಅವಳು ಇನ್ನೇನು ತಿಳಿಯಬೇಕು? ಎಲ್ಲಿ ಹೋದರೂ ತನ್ನ ಸರ್ವೀಸೇ ಕಡಿಮೆ ಎಂದುಕೊಂಡಳು. ಹೊಲಿಗೆ ಮೈಯೊಳಗೆ ಎಲ್ಲಿ ಎಂದು ಗಂಡಸಾದ ಸೂಪರ್‌ವೈಸರ್ ಮುಂದೆ ಹೇಳಲಾರದೆ, "ಡಾಕ್ಟ್ರು ಸರ್ವೀಸ್ ಶಾರ್ಟ್ ಐತಿ ಅಂದಾರ, ಬಳ್ಳಾರಿಗೆ ಹೊಲಿಗೆಗೆ ಹೋಗಬೇಕ್ರಿ" ಎಂದಷ್ಟೇ ಹೇಳಿದ್ದಳು. ಬಳ್ಳಾರಿಯ ತುಂಬ ಜೀನ್ಸ್ ಯೂನಿಟ್ಟುಗಳೇ. ಅವನು ನಕ್ಕು, "ಹೋಗಂಗಿದ್ರ ಹೋಗು, ವಾಪಸ್ ಬರಬ್ಯಾಡ" ಎಂದಿದ್ದ.

ಯಂತ್ರಕ್ಕೆ ಕಂಡಿತ್ತು. ಮೇಡಂಗೆ ಕಂಡಿತ್ತು. ಇಷ್ಟೆಲ್ಲ ಕಂಡೂ ಆ ಮಗು ಹೋಯಿತು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಬರುವುದು ಅಳುವಲ್ಲ, ಸಿಟ್ಟು.

ಮರುದಿನ ಮೇಡಂ ನನ್ನನ್ನು ಕರೆದುಕೊಂಡು ನೇರ ಯೂನಿಟ್ಟಿಗೆ ಹೋದರು. ಸೂಪರ್‌ವೈಸರ್ ಎದ್ದು ನಿಂತ.

"ನಂದೇನು ತಪ್ಪು ಹೇಳ್ರಿ ಮೇಡಂ? ಬಳ್ಳಾರಿ ಯೂನಿಟ್ನೋರು ಕರದಾರ ಅಂತ ತಿಳಕಂಡೆ. ನಮ್ಮ ಹುಡುಗೀರನ್ನ ಅವರು ಎಳಕಂಡು ಹೋಗೋದು ಇದ್ದದ್ದಾ ಐತಲ್ರಿ."

"ಹೊಟ್ಟೆ ಕಾಣಿಸ್ಲಿಲ್ವೇನಯ್ಯ ನಿನಗೆ? ಐದು ತಿಂಗಳ ಹೊಟ್ಟೆ ಹೊತ್ಕೊಂಡು ಯಾವಳು ಬೇರೆ ಊರಲ್ಲಿ ಕೆಲಸ ಹುಡುಕ್ತಾಳೆ?"

ಮಾಲೀಕ ಓಡಿ ಬಂದು ಕುರ್ಚಿ ಹಾಕಿಸಿ, ಏನು ತರಿಸಲಿ, ಮಜ್ಜಿಗೆಯೋ ಕೂಲ್‌ಡ್ರಿಂಕ್ಸೋ ಎಂದ.

"ಏನೂ ಬೇಡ. ಮಿಷಿನ್ ನಿಲ್ಲಿಸು."

"ಎಲ್ಲಾ ಮಿಷಿನ್ನಾ?"

"ಎಲ್ಲಾ."

ಅಷ್ಟೊಂದು ಮಿಷಿನ್ನುಗಳು ಒಮ್ಮೆಗೇ ನಿಂತಾಗ ಫ್ಯಾನಿನ ಸದ್ದು ಕೇಳಿಸತೊಡಗಿತು. ಮೇಡಂ ಒಂದು ಬಂಡಲಿನಿಂದ ಹೊಲಿದ ಜೇಬಿನ ಬಟ್ಟೆ ಎಳೆದುಕೊಂಡರು. ಪಕ್ಕದ ಮಿಷಿನ್ನಿಂದ ದಾರ ಸುತ್ತಿದ ಬಾಬಿನ್ ಒಂದನ್ನು ತೆಗೆದು ಅದರೊಳಗೆ ಹಾಕಿ, ತಲೆಕೆಳಗು ಮಾಡಿ, ಬಾಯಿಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದರು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗು ಹುಡುಗಿಯರಿಗಾಗಿ ತೆಲುಗಿನಲ್ಲಿ ಹೇಳಿದರು.

"ಇದು ಗರ್ಭಚೀಲ. ಒಳಗಿರೋದು ಮಗು. ಇದು ಚೀಲದ ಬಾಯಿ. ಬಾಯಿ ಇಷ್ಟು ಉದ್ದ, ಇಷ್ಟು ಬಿಗಿ ಇದ್ರೆ ಮಗು ನಿಲ್ತದೆ. ಬಾಯಿ ಗಿಡ್ಡ ಆಗಿ ಮೆತ್ತಗಾದ್ರೆ ನೋಡ್ರಿ." ಬೆರಳು ಸಡಿಲಿಸಿದರು. ಬಾಬಿನ್ ನೆಲಕ್ಕೆ ಬಿದ್ದು ಉರುಳಿತು. "ನೋವಿರಲ್ಲ. ಸುಮ್ನೆ ಬಿದ್ದು ಹೋಗ್ತದೆ. ಹೆಂಗಸಿನ ತಪ್ಪು ಏನೂ ಇಲ್ಲ. ಮೊದಲೇ ನೋಡಿಸ್ಕೊಂಡ್ರೆ ಬಾಯಿಗೆ ಹೊಲಿಗೆ ಹಾಕ್ತಾರೆ, ಮೂಟೆ ಬಾಯಿ ಹೊಲಿದಂಗೆ. ಅದಕ್ಕೆ ರಜಾ ಕೊಡದೇ ಇರೋ ಯಾವನೇ ಆಗಲಿ, ನನ್ನ ಹತ್ರ ಕಳಿಸ್ರಿ."

ಮೊದಲು ಹುಡುಗಿಯರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಬಾಬಿನ್ ಬಿದ್ದ ಮೇಲೆ ಯಾರೂ ನಗಲಿಲ್ಲ. ಮೂಲೆಯಲ್ಲಿ ದಾರ ಕತ್ತರಿಸುತ್ತ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಕೇಳಿದಳು.

"ಮೇಡಂ, ನನಗ ಮೂರು ಹಿಂಗಾ ಹೋದವ್ರಿ, ನೋವಿಲ್ಲದಂಗ. ನಮ್ಮತ್ತಿ ನನ್ನ ನಡತಿ ಸರಿಯಿಲ್ಲ ಅಂತಿದ್ಲು. ಹಂಗಾರ ಅದು ಬಾಯಿದು ಏನ್ರಿ?"

"ಇರಬಹುದು ಕಣಮ್ಮ. ಆಗ ಯಾರಾದ್ರೂ ನೋಡಿದ್ದಿದ್ರೆ ಗೊತ್ತಾಗೋದು."

ಅವಳು "ಹೌದ್ರಿ" ಎಂದು ಕತ್ತರಿ ಕೈಗೆ ತೆಗೆದುಕೊಂಡಳು. ಮೇಡಂ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. "ಇಷ್ಟು ವರ್ಷ ನಾನು ಯಾರಿಗೆ ಇಂಗ್ಲಿಷ್ ಹೇಳ್ತಿದ್ದೆ ಕಣೆ?" ಎಂದು ಕೇಳಿದರು.

ಆಮೇಲೆ ಸ್ಕ್ಯಾನಿಂಗ್ ಕೋಣೆಯಲ್ಲಿ ಆ ಇಂಗ್ಲಿಷ್ ಮಾತು ಯಾರೂ ಆಡುವಂತಿರಲಿಲ್ಲ. ಬಾಯಿ ಎಂದೇ ಹೇಳಬೇಕು. ಹೇಳಿದ್ದನ್ನು ಅವರ ಕೈಲಿ ತಿರುಗಿ ಹೇಳಿಸಬೇಕು. ಬರೀ "ಹೌದ್ರಿ" ಎಂದರೆ ಬಿಡುವ ಹಾಗಿಲ್ಲ. ಊರಿನ ಡಾಕ್ಟರುಗಳಿಗೆ ಇದು ದೊಡ್ಡ ತಮಾಷೆಯಾಯಿತು. "ಬಾಯಿ ನೋಡುವ ಮೇಡಂ" ಎಂದು ಹೆಸರಿಟ್ಟರು, ಮೊದಲೇ ಬಾಯಿ ಜೋರು ಬೇರೆ. ಹೆಸರು ಕೇಳಿ ಹಲ್ಲುನೋವಿನವನೊಬ್ಬ ಕೆನ್ನೆಗೆ ಟವೆಲು ಕಟ್ಟಿಕೊಂಡು ಬಂದು ಬಸುರಿಯರ ಸಾಲಿನಲ್ಲಿ ಕೂತುಬಿಟ್ಟಿದ್ದ. ಮೇಡಂ ಅವನಿಗೂ ಬೈದರು, ಆಮೇಲೆ ಒಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಕಂಪನಿಯವನು ಮತ್ತೆ ಬಂದಾಗ ಅವನಿಗೂ ಕಾದಿತ್ತು. ಹೊಸ ಸಾಫ್ಟ್‌ವೇರ್ ಇನ್ನೂ ಚುರುಕು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚಿತ್ರ ಓದಿ ಮುಗಿಸುತ್ತದೆ ಎಂದು ಅವನು ಹೊಗಳುತ್ತಿದ್ದ. "ಓದೋದು ಕಲಿಸಿದ್ದೀರಿ, ಸಂತೋಷ" ಎಂದರು ಮೇಡಂ. "ಓದಿದ್ದನ್ನ ರತ್ನನಿಗೆ ತಿಳಿಯೋ ಹಂಗೆ ಹೇಳೋದು ಯಾವಾಗ ಕಲಿಸ್ತೀರಿ?" ರತ್ನ ಯಾರೆಂದು ಅವನಿಗೆ ಏನು ಗೊತ್ತು, ಪಾಪ. ಕೇಳಿ ತಿಳಿಸುತ್ತೇನೆ ಎಂದು ಹೋದ. ಇನ್ನೂ ಕೇಳುತ್ತಲೇ ಇರಬೇಕು.

ರತ್ನ ಮತ್ತೆ ಬಸಿರಾದಳು. ಈ ಸಲ ಯಾರೂ ಕರೆಯದೆ ಮೂರನೇ ತಿಂಗಳಿಗೇ ಬಂದು, ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ತಾನೇ ಕೂರಿಸಿ ಒಳಗೆ ಬಂದಳು. ಬಳ್ಳಾರಿಗೆ ಹೋಗುವ ದಿನ ಮೇಡಂ ಯೂನಿಟ್ಟಿನ ಮಾಲೀಕನಿಗೆ ಫೋನ್ ಹಚ್ಚಿ, "ರಜಾ ಕೇಳ್ತಿಲ್ಲ, ಹೇಳ್ತಿದ್ದೀನಿ" ಎಂದರು. ಹೊಲಿಗೆ ಬಿತ್ತು. ವಾಪಸು ಬಂದ ಮೇಲೆ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಕೊರಳಿನ ಎರಡು ಬದಿಗೂ ಬಿಳಿ ಚುಕ್ಕೆಗಳು ಹೊಳೆದವು. ಮೇಡಂ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. "ನಿನ್ನ ಬಾಯಿಗೆ ಹಾಕಿದ ಹೊಲಿಗೆ. ನೀನೇ ನೋಡಿ ಹೇಳು, ಚೆನ್ನಾಗಿ ಹಾಕವ್ರಾ?"

ರತ್ನ ಮಲಗಿದಲ್ಲಿಂದಲೇ ಕತ್ತು ಎತ್ತಿ ಬಹಳ ಹೊತ್ತು ನೋಡಿದಳು. "ದಾರ ಬಿಗಿ ಐತ್ರಿ" ಎಂದಳು.

ತಿಂಗಳು ತುಂಬಿ ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತಿತನ ಮುಗಿಸಿ ಮೂವರೂ ಬಂದರು, ರತ್ನ, ಅತ್ತೆ, ಟೋಪಿ ಹಾಕಿದ ಕೂಸು. ಕಾಯುತ್ತಿದ್ದ ಬಸುರಿಯರಿಗೆಲ್ಲ ಪೇಡ ಹಂಚಿ ಅತ್ತೆ ಒಳಗೆ ಬಂದು ಡಬ್ಬಿ ಮುಂದೆ ಹಿಡಿದಳು. "ಚೊಚ್ಚಲ ಕೂಸು ರೀ ಮೇಡಂ. ಬಾಯಿ ಸಿಹಿ ಮಾಡ್ಕೊಳ್ರಿ. ಆಶೀರ್ವಾದ ಮಾಡ್ರಿ."

ಮೇಡಂ ಕೂಸನ್ನು ಎತ್ತಿಕೊಂಡರು. ಟೋಪಿ ತೆಗೆದು ನೆತ್ತಿ ಮುಟ್ಟಿ ನೋಡಿದರು. ಡಬ್ಬಿಗೆ ಕೈ ಹಾಕಲಿಲ್ಲ.

"ಚೊಚ್ಚಲು ಅನ್ನಬೇಡ" ಎಂದರು.

ಅತ್ತೆ ತಬ್ಬಿಬ್ಬಾದಳು. "ಯಾಕ್ರಿ?"

"ಇದು ನಿಮ್ಮ ಮನೆಯ ಮೂರನೇ ಮಗು. ಮೊದಲನೇದನ್ನ ಯಾರೂ ನೋಡ್ಲಿಲ್ಲ. ಎರಡನೇದನ್ನ ನಾನು ನೋಡಿದೆ, ತಿಳಿಯೋ ಹಂಗೆ ಹೇಳ್ಲಿಲ್ಲ. ನಿಲ್ಲಲಿಲ್ಲ, ನಿಲ್ಲಲಿಲ್ಲ ಅಂತೀರಲ್ಲ, ಅವು ತಾವಾಗೇ ಹೋಗಿಲ್ಲ. ನಾವೆಲ್ಲ ಸೇರಿ ಕಳಕೊಂಡ್ವಿ. ಇವಳಿಗೆ ಮೇಲೆ ಇಬ್ಬರು ಇದ್ದಾರೆ. ಯಾರು ಕೇಳಿದ್ರೂ ಹಂಗೇ ಹೇಳ್ಬೇಕು."

ಸಂತೋಷದ ಹೊತ್ತಿನಲ್ಲಿ ಇದೆಂಥ ಮಾತು ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ರತ್ನ ಮೇಡಂ ಕೈಯಿಂದ ಮಗಳನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಎರಡನೆಯದನ್ನು ನಮ್ಮೆದುರೇ ಕಳೆದುಕೊಂಡಾಗಲೂ ಕಣ್ಣಲ್ಲಿ ಹನಿ ಹಾಕದಿದ್ದವಳು ಗೊಳೋ ಎಂದು ಅತ್ತಳು.

"ಇಷ್ಟು ದಿನ ಅವನ್ನ ಯಾರೂ ಕೂಸು ಅಂದಿದ್ದಿಲ್ಲ ರೀ ಮೇಡಂ" ಎಂದಳು.